ಕೋಶ ಕೈಕಟ್ಟಿ ಕೂತರೆ ರೋಗವೇ?

ಓದುಗರ ಪತ್ರ: “ಜೀವಕೋಶ ಕೆಲವೊಮ್ಮೆ ತಾನಾಗಿಯೇ ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ಅದು ರೋಗವಲ್ಲವೇ? ಅಡುಗೆಮನೆ ನಿಂತರೆ ಹೋಟೆಲ್ ಮುಚ್ಚಿದ ಹಾಗೆಯೇ.” – ಹೋಟೆಲ್ ಮಾಲೀಕರೊಬ್ಬರು, ಮಾಟುಂಗಾ

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ತಯಾರಿಕೆ ತೀರಾ ಹೊತ್ತು ನಿಂತರೆ ಕೋಶ ಸಾಯಲೂಬಹುದು. ಆಯ್ತು, ಒಪ್ಪಿದೆ. ಆದರೆ ಒಲೆ ಸದಾ ಉರಿಯುತ್ತಲೇ ಇರಬೇಕು ಅನ್ನುವುದು ಮುಂಬಯಿ ನಮಗೆ ಹಿಡಿಸಿದ ಹುಚ್ಚು, ಸ್ವಾಮಿ. ಕೋಶಕ್ಕೆ ಆ ಹುಚ್ಚಿಲ್ಲ.

ಬೆಳೆಯುತ್ತಿರುವ ಕೆಂಪು ರಕ್ತಕಣವನ್ನೇ ನೋಡಿ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಟ್ಟಲು ಅದಕ್ಕೆ ಗ್ಲೋಬಿನ್ ಎಂಬ ಪ್ರೋಟೀನ್ ಬೇಕು, ಕಬ್ಬಿಣ ಹೊತ್ತ ಹೀಮ್ ಕೂಡ ಬೇಕು. ಹೀಮ್ ಕಡಿಮೆಯಾದರೆ ಎಚ್‌ಆರ್‌ಐ ಎಂಬ ಕಿಣ್ವಕ್ಕೆ ಎಚ್ಚರವಾಗುತ್ತದೆ. ಅದು ಇಐಎಫ್2 ಎಂಬ ಪ್ರೋಟೀನಿನ ಆಲ್ಫಾ ಭಾಗದ 51ನೇ ಸ್ಥಾನದಲ್ಲಿರುವ ಸೀರಿನ್ ಎಂಬ ಅಮೈನೋ ಆಮ್ಲಕ್ಕೆ (ಅಮೈನೋ ಆಮ್ಲ ಅಂದರೆ ಪ್ರೋಟೀನ್ ಸರದ ಮಣಿ) ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಷ್ಟೇ. ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿಗೆ ಮೊದಲ ಅಮೈನೋ ಆಮ್ಲ ತಂದುಕೊಡುವುದೇ ಈ ಇಐಎಫ್2. ಫಾಸ್ಫೇಟ್ ಅಂಟಿದ ಮೇಲೆ, ತನ್ನನ್ನು ಮತ್ತೆ ಸಜ್ಜು ಮಾಡಬೇಕಾದ ಇಐಎಫ್2ಬಿಯನ್ನೇ ಗಟ್ಟಿಯಾಗಿ ಹಿಡಿದು ಕೂರುತ್ತದೆ. 2ಬಿ ಇರುವುದೇ ಸ್ವಲ್ಪ. ಹಾಗಾಗಿ ಸ್ವಲ್ಪ ಇಐಎಫ್2ಗೆ ಫಾಸ್ಫೇಟ್ ಅಂಟಿದರೂ ಸಾಕು, ಗ್ಲೋಬಿನ್ ತಯಾರಿ ಕುಸಿಯುತ್ತದೆ. ಚಟ್ನಿಗೆ ಕಾಯಿ ಇಲ್ಲದಾಗ ನೀವೂ ಸುಮ್ನೆ ದೋಸೆ ಹುಯ್ಯುತ್ತಾ ಹೋಗುವುದಿಲ್ಲ, ಅಲ್ವಾ? (ವಾರವಿಡೀ ನಮಗೆ ಕವಿತೆ ಕಳಿಸುವವರಿಗೂ ಒಂದು ಎಚ್‌ಆರ್‌ಐ ಇದ್ದಿದ್ದರೆ!)

ಅದೇ ಸೀರಿನ್ ಮೇಲೆ ಇನ್ನೂ ಮೂರು ಕಿಣ್ವಗಳ ಕಣ್ಣಿದೆ. ಅಮೈನೋ ಆಮ್ಲ ಸಾಲದಿದ್ದರೆ ಜಿಸಿಎನ್2, ಸರಿಯಾಗಿ ಮಡಚದ ಪ್ರೋಟೀನು ರಾಶಿ ಬಿದ್ದರೆ ಪರ್ಕ್, ವೈರಸ್ ನುಗ್ಗಿದರೆ ಪಿಕೆಆರ್. ಈ ಕೊನೆಯದು ನನಗೆ ಜಾಸ್ತಿ ಇಷ್ಟ. ವೈರಸ್ಸಿಗೆ ಸ್ವಂತ ರೈಬೋಸೋಮ್ ಇಲ್ಲ, ನಮ್ಮದನ್ನೇ ಕಬಳಿಸಬೇಕು. ಕೋಶ ತನ್ನ ಕೆಲಸವನ್ನೂ ನಿಲ್ಲಿಸಿ ಅದರ ದಾರಿ ಮುಚ್ಚುತ್ತದೆ. ಹಾಗಂತ ಪೂರ್ತಿ ನಿದ್ದೆ ಹೋಗುವುದಿಲ್ಲ. ಉಳಿದವು ನಿಂತಾಗಲೇ ಎಟಿಎಫ್4 ಎಂಬ ಪ್ರೋಟೀನ್ ಹೆಚ್ಚು ತಯಾರಾಗಿ, ಸಂಕಟ ನಿಭಾಯಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ.

ಒಂದೊಂದು ಅಮೈನೋ ಆಮ್ಲ ಪೋಣಿಸಲೂ ಸುಮಾರು 4 ಎಟಿಪಿಯಷ್ಟು (ಎಟಿಪಿ ಅಂದರೆ ಕೋಶದ ಶಕ್ತಿಯ ನಾಣ್ಯ) ಶಕ್ತಿ ಖರ್ಚು. ಕೋಶ ಲೆಕ್ಕ ಇಡುತ್ತದೆ. ನಾವು? 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಊರು ಮುಳುಗಿತು. ನೀರು ಪೂರ್ತಿ ಇಳಿಯುವ ಮೊದಲೇ ಆಫೀಸಿಗೆ ಹೊರಟವರನ್ನು ‘ಮುಂಬಯಿ ಸ್ಪಿರಿಟ್’ ಅಂತ ಹೊಗಳಿದರು. ರಜೆ ಹಾಕಿದರೆ ಸಂಬಳ ಕಟ್ ಅನ್ನುವ ಭಯಕ್ಕೆ ಎಷ್ಟು ಚಂದದ ಹೆಸರು! ಈಗಲೂ ಪ್ರತಿ ಮಳೆಗಾಲ ಅದೇ ಹಾಡು.

ವ್ಯಾಪಾರದ ನಡುವೆ ಜೀವಕೋಶದ ಬಗ್ಗೆ ಯೋಚಿಸುವವರು ನೀವು, ನಿಮಗೆ ಹೇಳಿದರೆ ತಪ್ಪಿಲ್ಲ. ಈ ಜುಲೈಯಲ್ಲಿ ಲೋಕಲ್ ರೈಲು ನಿಂತ ದಿನ ಹೋಟೆಲಿನ ಹುಡುಗರಿಗೆ ರಜೆ ಕೊಡಿ. ಸಂಬಳ ಹಿಡಿಯಬೇಡಿ.