ಆಸ್ಪಿರಿನ್ ತಗೊಳ್ಳುವವರಿಗೆ ರಕ್ತ ನಿಲ್ಲುವುದು ಯಾಕೆ ತಡ?

ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅಪ್ಪನ ಬೆರಳಿಗೆ ಕುಡುಗೋಲು ತಗುಲಿತು, ಎಷ್ಟು ಹೊತ್ತಾದರೂ ರಕ್ತ ನಿಲ್ಲಲಿಲ್ಲ, ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುತ್ತಾರೆ, ರಕ್ತ ನೀರಾಗಿದೆಯಾ ಅಂತ ಕೇಳಿದ್ದೀರಿ.

ನೀರಾಗಿಲ್ಲ, ಗಾಬರಿ ಬೇಡ. ಗಾಯವಾದ ಕೂಡಲೇ ರಕ್ತನಾಳ ಮುದುಡುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಅಲ್ಲಿ ಅಂಟಿಕೊಂಡು, ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ಬಿಟ್ಟು ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತವೆ. ಆಸ್ಪಿರಿನ್ ತಡೆಯುವುದು ಈ ರಾಸಾಯನಿಕವನ್ನೇ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ (ಜೀವಕೋಶದ ಕೇಂದ್ರ) ಇಲ್ಲ, ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ. ಬದುಕಿರುವ 7ರಿಂದ 10 ದಿನವೂ ಅದು ಆ ರಾಸಾಯನಿಕ ಮಾಡಲಾಗದೆ ಹಾಗೇ ಇರುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ಕೌಂಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇದ್ದರೂ (ಡೆಂಗ್ಯೂ ಬಂದಾಗಿನಿಂದ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ, ಅಲ್ವಾ) ರಕ್ತ ನಿಲ್ಲುವುದು ತಡವಾಗುತ್ತದೆ. ಆಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಕಟ್ಟಿ ಕೆಂಪು ಕಣಗಳನ್ನೂ ಹಿಡಿದು ಹೆಪ್ಪನ್ನು ಗಟ್ಟಿ ಮಾಡುತ್ತವೆ. ಬಿಳಿ ರಕ್ತಕಣಗಳು ಕೊಳೆ, ಕ್ರಿಮಿ ತೆಗೆಯುತ್ತವೆ.

ಇನ್ನೊಮ್ಮೆ ಹೀಗಾದರೆ ಶುಭ್ರ ಬಟ್ಟೆ ಇಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಬೇಡಿ, ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಕಾಫಿಪುಡಿ ಮೆತ್ತುವುದಂತೂ ಬೇಡವೇ ಬೇಡ. ಒತ್ತಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿದ್ದರೆ ಅದು ಜೀವಕ್ಕೇ ಅಪಾಯ.

ಹೊಲದ ಮಣ್ಣು ಹತ್ತಿದ ಕುಡುಗೋಲು ಅಂದರೆ ಟೆಟನಸ್ ಇಂಜೆಕ್ಷನ್ ಬಗ್ಗೆ ಕೇಳಿ. ಅಪ್ಪನಿಗೆ ಬೆರಳು ಮಡಚಲು ಆಗುತ್ತಿದೆಯಾ? ಆಗದಿದ್ದರೆ ಇವತ್ತೇ ತೋರಿಸಿ.