ರಾಜ್‌ದೂತ್ 350 ಮೇಲೆ ಜನಕ್ಕೆ ಇನ್ನೂ ಯಾಕೆ ಇಷ್ಟು ಹುಚ್ಚು?

ನಿಂತುಹೋಗಿ ಮೂವತ್ತು ವರ್ಷದ ಮೇಲಾದ ಗಾಡಿಗೆ ಹೊಸ ಬೈಕಿಗಿಂತ ಜಾಸ್ತಿ ದುಡ್ಡು ಯಾಕೆ ಕೊಡ್ತಾರೆ ಅಂತ ಕೇಳಿದ್ದೀರಿ. ಮೊದಲ ಕಾರಣ ಇಂಜಿನ್ನು. ಯಮಹಾದ ಆರ್‌ಡಿ 350 ಯನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜ್‌ದೂತ್ 350 ಅನ್ನೋ ಹೆಸರಲ್ಲಿ ಇಲ್ಲಿ ತಯಾರಿಸೋಕೆ ಶುರು ಮಾಡಿತು. 347 ಸಿಸಿ, ಎರಡು ಸಿಲಿಂಡರು, ಟೂ ಸ್ಟ್ರೋಕು (ಪಿಸ್ಟನ್ನು ಒಮ್ಮೆ ಮೇಲೆ ಕೆಳಗೆ ಹೋಗಿ ಬರೋಷ್ಟರಲ್ಲೇ ಒಂದು ಸಲ ಇಂಧನ ಉರಿಯೋ ಬಗೆ), ಆರು ಗೇರು. ಹೈ ಟಾರ್ಕ್ ಮಾದರಿಯ ಶಕ್ತಿ 30.5 ಅಶ್ವಶಕ್ತಿ. ಆಗಿನ ಬುಲೆಟ್‌ಗೆ ಇದ್ದದ್ದು ಸುಮಾರು 18!

ಆದರೆ ಅಂಕಿ ಓದಿದರೆ ಆ ಹುಚ್ಚು ಅರ್ಥ ಆಗಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮಾವನ ಗೆಳೆಯರೊಬ್ಬರ ಹತ್ತಿರ ಒಂದಿದೆ. ಕಿಕ್ ಹೊಡೆದರೆ ಮೊದಲು ನೀಲಿ ಹೊಗೆ, ಸುಟ್ಟ ಎಣ್ಣೆ ವಾಸನೆ, ಆಮೇಲೆ ಟಿಣ್‌ಟಿಣ್ ಅನ್ನೋ ಒಣ ಸದ್ದು. ಸಂಡೂರು ರೋಡಿನಲ್ಲಿ ಒಮ್ಮೆ ಹಿಂದೆ ಕೂತಿದ್ದೆ. ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ನು ನಿಧಾನ ತಿರುಗುವಾಗ, ಸಾಧು ಎತ್ತಿನ ಹಾಗೆ ಹೋಗ್ತಿತ್ತು. ಅವರು ಥ್ರಾಟಲ್ ತಿರುವಿದರು ನೋಡಿ, ಸದ್ದೇ ಬದಲಾಯಿತು, ನನ್ನ ಕೈ ತಾನಾಗಿ ಅವರ ಅಂಗಿ ಹಿಡೀತು. ಟೂ ಸ್ಟ್ರೋಕಿನಲ್ಲಿ ಶಕ್ತಿ ಹಂತ ಹಂತವಾಗಿ ಬರಲ್ಲ. ಒಂದು ಮಟ್ಟ ದಾಟಿದ ಮೇಲೆ ಒಟ್ಟಿಗೇ ನುಗ್ಗುತ್ತೆ. ಚಟ ಹತ್ತೋದು ಅದಕ್ಕೇ.

ದೋಷಗಳೂ ಇವೆ ಅನ್ನಿ. ಮುಂದಿನ ಚಕ್ರಕ್ಕೂ ಡ್ರಮ್ ಬ್ರೇಕು, ಈ ವೇಗಕ್ಕೆ ಅದು ಸಾಲದು. ಪೆಟ್ರೋಲು ನೀರಿನ ಹಾಗೆ ಕುಡಿಯುತ್ತೆ; ಆ ಕಾಲಕ್ಕೆ ಮಾರಾಟ ಕುಂಟಿದ್ದಕ್ಕೆ ಬೆಲೆಯ ಜೊತೆ ಅದೂ ಕಾರಣ. ಕಡಿಮೆ ಮಾರಾಟ ಆಯಿತು, ಹಾಗಾಗಿ ಇವತ್ತು ಸಿಗೋದು ಕಷ್ಟ, ಬೆಲೆ ಏರಿದೆ. ಕೊಳ್ಳೋ ಮನಸ್ಸಿದ್ದರೆ ಗಾಡಿಗಿಂತ ಮೊದಲು ಅದನ್ನು ಬಲ್ಲ ಮೇಸ್ತ್ರಿಯನ್ನು ಹುಡುಕಿಕೊಳ್ಳಿ.