ಪ್ರತಿಕ್ರಿಯೆ: ನಗುತ್ತಿರುವುದು ಯಾರು?

‘ರಾಮ ನಗುತ್ತಾ ಓಡುವ ಹುಡುಗನನ್ನು ನೋಡಿದ’ ಎಂಬ ವಾಕ್ಯದಲ್ಲಿ ನಗುವವರು ಯಾರು, ಯಾವ ಪದದಿಂದ ಗೊಂದಲ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಇಲ್ಲಿ ಯಾವ ಪದಕ್ಕೂ ಎರಡು ಅರ್ಥವಿಲ್ಲ. ‘ಹತ್ತು’ ಅಂದರೆ ಸಂಖ್ಯೆಯೂ ಹೌದು, ಏರು ಅಂತಲೂ ಹೌದು. ಅದು ಪದದ ಗೊಂದಲ. ನಿಮ್ಮದು ರಚನೆಯದು.

‘ನಗುತ್ತಾ’ ಎಂಬುದು ‘ಓಡುವ’ದ ಜೊತೆ ಸೇರಿದರೆ ನಗುವವನು ಹುಡುಗ. ‘ನೋಡಿದ’ದ ಜೊತೆ ಸೇರಿದರೆ ರಾಮ. ಪದಗಳೂ ಅವೇ, ಸಾಲೂ ಅದೇ, ಒಳಗಿನ ಜೋಡಣೆ ಮಾತ್ರ ಬೇರೆ. ನನಗೆ ತುಂಬಾ ಇಷ್ಟವಾಗುವ ವಿಷಯ ಇದು! ಮಾತಾಡುವಾಗ ‘ನಗುತ್ತಾ’ ಆದ ಮೇಲೆ ಸ್ವಲ್ಪ ನಿಲ್ಲಿಸಿ ನೋಡಿ, ನಗು ರಾಮನ ಕಡೆ ವಾಲುತ್ತದೆ, ಅಲ್ವಾ? ಬರವಣಿಗೆಯಲ್ಲಿ ಆ ಕೆಲಸವನ್ನು ಅಲ್ಪವಿರಾಮ ಮಾಡುತ್ತದೆ.

ಅದಕ್ಕಿಂತ ಗಟ್ಟಿ ದಾರಿ ಪದದ ಜಾಗ ಬದಲಿಸುವುದು: ‘ಓಡುವ ಹುಡುಗನನ್ನು ರಾಮ ನಗುತ್ತಾ ನೋಡಿದ.’ ಈಗ ನಕ್ಕಿದ್ದು ರಾಮನೇ.